ಕೂಡಿಸಿದ ಎರಡು ಸೆಕೆಂಡುಗಳು

ವೀಡಿಯೊ ಸಂಪಾದನೆಯ ಕೆಲಸ ಬಲ್ಲವರಿಗೆ ಒಂದು ಹಳೆಯ ತೊಂದರೆ ಚೆನ್ನಾಗಿ ಗೊತ್ತು. ಬೇಕಾದ ದೃಶ್ಯ ಇರುತ್ತದೆ, ಆದರೆ ಬೇಕಾದಷ್ಟು ಉದ್ದ ಇರುವುದಿಲ್ಲ. ವಿವರಣೆಯ ಧ್ವನಿ ಐದು ಸೆಕೆಂಡು ನಡೆಯುತ್ತದೆ, ಕೈಯಲ್ಲಿರುವ ತುಣುಕು ಮೂರೇ ಸೆಕೆಂಡಿಗೆ ಮುಗಿಯುತ್ತದೆ. ಕ್ಯಾಮರಾ ಹಿಡಿದವನು ಬೇಗ ನಿಲ್ಲಿಸಿಬಿಟ್ಟಿರುತ್ತಾನೆ, ಇಲ್ಲವೇ ಯಾರೋ ಅಡ್ಡ ಬಂದಿರುತ್ತಾರೆ. ಒಂದು ದೃಶ್ಯವನ್ನು ಇನ್ನೊಂದರೊಳಗೆ ಮೆಲ್ಲನೆ ಕರಗಿಸಬೇಕಾದರೂ ಅದರ ತುದಿಯಲ್ಲಿ ಒಂದಿಷ್ಟು ಹೆಚ್ಚುವರಿ ಭಾಗ ಬೇಕಾಗುತ್ತದೆ. ಹಿಂದೆ ಇದಕ್ಕೆ ಕೆಲವೇ ಉಪಾಯಗಳಿದ್ದುವು. ಓಟವನ್ನು ನಿಧಾನಗೊಳಿಸುವುದು, ಕೊನೆಯ ಚಿತ್ರವನ್ನು ಹಾಗೆಯೇ ನಿಲ್ಲಿಸಿಬಿಡುವುದು, ಅದೇ ತುಣುಕನ್ನು ಮತ್ತೊಮ್ಮೆ ಓಡಿಸುವುದು, ಅಥವಾ ಕಿಟಕಿಯನ್ನೋ ಮರವನ್ನೋ ತೋರಿಸಿ ಅಂತರ ತುಂಬುವುದು.

ಈಗ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಇನ್ನೊಂದು ಉಪಾಯವನ್ನು ತಂದುಕೊಟ್ಟಿದೆ. ಚಲನಚಿತ್ರದವರಿಂದ ಹಿಡಿದು ಮದುವೆ ವೀಡಿಯೊ ಮಾಡುವವರ ತನಕ ಅನೇಕರು ಬಳಸುವ ಅಡೋಬಿ ಸಂಸ್ಥೆಯ ಪ್ರೀಮಿಯರ್ ಪ್ರೊ ತಂತ್ರಾಂಶದಲ್ಲಿ ‘ಜನರೇಟಿವ್ ಎಕ್ಸ್‌ಟೆಂಡ್’ ಎಂಬ ಸೌಲಭ್ಯವು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಬಂತು. 2025ರ ಏಪ್ರಿಲ್‌ನಲ್ಲಿ ಎಲ್ಲ ಬಳಕೆದಾರರಿಗೂ ದೊರೆಯಿತು. ತುಣುಕಿನ ತುದಿಯನ್ನು ಹಿಡಿದೆಳೆದರೆ ಸಾಕು, ದೃಶ್ಯವು 2 ಸೆಕೆಂಡಿನವರೆಗೆ ಬೆಳೆಯುತ್ತದೆ. ಹಿನ್ನೆಲೆಯ ಸದ್ದಾದರೆ 10 ಸೆಕೆಂಡಿನವರೆಗೂ ಬೆಳೆಯಬಲ್ಲದು. ಮನುಷ್ಯರ ಮಾತನ್ನು ಬೆಳೆಸದಂತೆ ಅದನ್ನು ರೂಪಿಸಲಾಗಿತ್ತು. ಬೇರೆ ಉಪಕರಣಗಳಿಗೆ ಆ ಸಂಕೋಚವಿಲ್ಲ. 2025ರ ಮೇ ತಿಂಗಳಲ್ಲಿ ಬಂದ ಗೂಗಲ್‌ನ ‘ವಿಯೊ 3’ ದೃಶ್ಯದೊಂದಿಗೆ ಮಾತನ್ನೂ ತಾನೇ ಸೃಷ್ಟಿಸಬಲ್ಲದು.

ಸೆಕೆಂಡಿಗೆ 24 ಚಿತ್ರಗಳ ಲೆಕ್ಕ ಹಿಡಿದರೆ 2 ಸೆಕೆಂಡಿಗೆ 48 ಚಿತ್ರಗಳು. ಈ 48ರಲ್ಲಿ ಒಂದನ್ನೂ ಯಾವ ಕ್ಯಾಮರಾವೂ ಕಂಡಿಲ್ಲ. ಯಂತ್ರವು ಅಸಲು ತುಣುಕಿನ ಚಿತ್ರಗಳನ್ನು ಪರಿಶೀಲಿಸುತ್ತದೆ. ತಾನು ಹಿಂದೆ ಕಲಿತಿರುವ ಅಸಂಖ್ಯ ವೀಡಿಯೊಗಳ ಬಲದಿಂದ ಮುಂದೆ ಏನು ಬಂದರೆ ಸಹಜವೆನಿಸೀತೆಂದು ಊಹಿಸುತ್ತದೆ. ಆ ಊಹೆಯನ್ನು ಚಿತ್ರವಾಗಿ ಬಿಡಿಸುತ್ತದೆ. ಆ ವ್ಯಕ್ತಿ ನಿಜವಾಗಿ ಏನು ಮಾಡಿದನೆಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅಂಥ ಸಂದರ್ಭದಲ್ಲಿ ಜನರು ಸಾಮಾನ್ಯವಾಗಿ ಏನು ಮಾಡುತ್ತಾರೆ ಎಂಬುದಷ್ಟೇ ಅದರ ಬಂಡವಾಳ.

ಇದರಲ್ಲಿ ಧರ್ಮದ ಪ್ರಶ್ನೆ ಎಲ್ಲಿಂದ ಬಂತೆಂದು ಕೆಲವರು ಕೇಳಬಹುದು. ಪ್ರತಿಯೊಂದು ಹೊಸ ಉಪಕರಣವನ್ನೂ ಸಂಶಯದಿಂದ ನೋಡುವವರು ನಮ್ಮಲ್ಲಿ ಎಂದೂ ಇದ್ದರು. ನಮಾಝಿನಲ್ಲಿ ಧ್ವನಿವರ್ಧಕವನ್ನು ಬಳಸಬಹುದೇ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿತ್ತು. ಆ ಸಾಲಿಗೆ ಮತ್ತೊಂದನ್ನು ಸೇರಿಸುವುದು ಇಲ್ಲಿಯ ಉದ್ದೇಶವಲ್ಲ. ಕಡಲ ತೆರೆ ಎರಡು ಸೆಕೆಂಡು ಹೆಚ್ಚು ಉರುಳಿದರೆ ಯಾರ ಹಕ್ಕಿಗೂ ಚ್ಯುತಿ ಬರುವುದಿಲ್ಲ. ಅಡುಗೆ ಕಲಿಸುವ ವೀಡಿಯೊದಲ್ಲಿ ಹಬೆ ಇನ್ನೊಂದಿಷ್ಟು ಹೊತ್ತು ಮೇಲೇರಿದರೆ ಯಾರೂ ಮೋಸ ಹೋಗುವುದಿಲ್ಲ. ಪ್ರಶ್ನೆ ಏಳುವುದು ದೃಶ್ಯದಲ್ಲಿ ಒಬ್ಬ ಮನುಷ್ಯನಿದ್ದಾಗ ಮತ್ತು ಅವನು ಹೀಗೆಯೇ ಮಾಡಿದನೆಂದು ನೋಡುವವನು ನಂಬುವಾಗ.

ಛಾಯಾಚಿತ್ರದ ಕುರಿತಾದ ಹಳೆಯ ವಾದವೊಂದನ್ನು ಇಲ್ಲಿ ನೆನಪಿಸಿಕೊಳ್ಳುವುದು ಉಪಯುಕ್ತ. 1914ರಿಂದ 1920ರ ತನಕ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್‌ಮುತೀಈ ಅವರು ಕ್ಯಾಮರಾ ಚಿತ್ರಕ್ಕೆ ಅನುಮತಿಯಿದೆಯೆಂದು ಪ್ರತ್ಯೇಕ ಕಿರುಗ್ರಂಥವನ್ನೇ ಬರೆದರು. ಅವರ ವಾದದ ತಿರುಳು ಇಷ್ಟು: ಚಿತ್ರಕಾರನು ಇಲ್ಲದ ರೂಪವೊಂದನ್ನು ತಾನು ಉಂಟುಮಾಡುತ್ತಾನೆ. ಕ್ಯಾಮರಾ ಹಾಗಲ್ಲ. ಅಲ್ಲಾಹನು ಸೃಷ್ಟಿಸಿದ, ಎದುರಿಗೆ ನಿಂತಿರುವ ವ್ಯಕ್ತಿಯ ನೆರಳನ್ನು ಅದು ಹಿಡಿದಿಡುತ್ತದೆ, ಅಷ್ಟೆ. ಈ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಆ ಭಿನ್ನಾಭಿಪ್ರಾಯ ಇಂದಿಗೂ ಉಳಿದಿದೆ. ಆದರೆ ನಮ್ಮ ಮನೆಗಳಲ್ಲಿ ಫೋಟೋ, ವೀಡಿಯೊಗಳನ್ನು ನಿರಾತಂಕವಾಗಿ ಬಳಸುವವರಲ್ಲಿ ಹೆಚ್ಚಿನವರು ತಿಳಿದೋ ತಿಳಿಯದೆಯೋ ನಿಂತಿರುವುದು ಇದೇ ನೆಲದ ಮೇಲೆ. ಕೂಡಿಸಿದ ಎರಡು ಸೆಕೆಂಡುಗಳಲ್ಲಿ ಹಿಡಿದಿಟ್ಟಿರುವುದು ಯಾರ ನೆರಳನ್ನು? ಆ ಕ್ಷಣದಲ್ಲಿ ಎದುರಿಗೆ ಯಾರೂ ನಿಂತಿರಲಿಲ್ಲ. ಹಾಗಾದರೆ ಮೊದಲ ಮೂರು ಸೆಕೆಂಡಿಗೆ ಸಿಕ್ಕಿದ ಅನುಮತಿ ಆಮೇಲಿನ ಎರಡಕ್ಕೂ ತಾನಾಗಿಯೇ ಸಿಗುತ್ತದೆಂದು ಭಾವಿಸಲಾಗದು. ಈ ಕುರಿತು ತೀರ್ಪು ನೀಡುವ ಅರ್ಹತೆಯುಳ್ಳವರು ನೀಡಲಿ. ನಮ್ಮ ಚರ್ಚೆ ಇನ್ನೊಂದು ಬದಿಯದು, ಸಾಕ್ಷ್ಯದ ಬದಿಯದು.

ಏಕೆಂದರೆ ವೀಡಿಯೊ ಎಂಬುದು ನಮ್ಮ ಕಾಲದಲ್ಲಿ ಸಾಕ್ಷಿಯ ಸ್ಥಾನವನ್ನು ಪಡೆದುಬಿಟ್ಟಿದೆ. ‘ನಾನೇ ಕಣ್ಣಾರೆ ನೋಡಿದೆ’ ಎಂದು ಜನರು ಹೇಳುವಾಗ ಬಹಳಷ್ಟು ಸಲ ಅವರು ನೋಡಿರುವುದು ಮೊಬೈಲಿನ ಪರದೆಯನ್ನು. ನ್ಯಾಯಾಲಯಗಳು ಈ ಅಪಾಯವನ್ನು ಗುರುತಿಸತೊಡಗಿವೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ ಕೊಲೆ ಮೊಕದ್ದಮೆಯೊಂದರ ಆರೋಪಿಯ ಪರ ವಕೀಲರು, ಮೊಬೈಲಿನಲ್ಲಿ ಸೆರೆಯಾದ ವೀಡಿಯೊವನ್ನು ಎಐ ಮೂಲಕ ಸ್ಪಷ್ಟಗೊಳಿಸಿ ಹಾಜರುಪಡಿಸಲು ಬಯಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಯಂತ್ರವು ತನಗೆ ತೋರಿದ್ದನ್ನು ಯಾವ ರೀತಿಯಲ್ಲಿ ಚಿತ್ರಕ್ಕೆ ಸೇರಿಸುತ್ತದೆಂಬುದು ಪಾರದರ್ಶಕವಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಅಲ್ಲಿ ಬೆಳೆಸಿದ್ದು ಕಾಲವನ್ನಲ್ಲ, ಚಿತ್ರದ ಸ್ಪಷ್ಟತೆಯನ್ನು ಮಾತ್ರ. ಆದರೂ ಸಾಕ್ಷ್ಯವಾಗಿ ಅದು ನಿಲ್ಲಲಿಲ್ಲ. ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದು, ಕಿವಿ, ಕಣ್ಣು, ಹೃದಯ ಈ ಮೂರರ ಬಗ್ಗೆಯೂ ವಿಚಾರಣೆಯಿದೆ ಎಂದು ಪವಿತ್ರ ಕುರ್‌ಆನ್ ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಎಚ್ಚರಿಸಿರುವುದು ನಮಗೆಲ್ಲರಿಗೂ ತಿಳಿದ ವಿಷಯ. ಇತರರ ಕಣ್ಣಿಗೆ ನಾವೇ ಇಲ್ಲದ್ದನ್ನು ಒದಗಿಸಿದರೆ ಆ ವಿಚಾರಣೆಯಲ್ಲಿ ನಮ್ಮ ಪಾಲೆಷ್ಟು?

ಇಲ್ಲಿ ಒಂದು ಸಮಾಧಾನದ ಉತ್ತರ ಬರುತ್ತದೆ. ಮಾತನ್ನಂತೂ ಬೆಳೆಸುತ್ತಿಲ್ಲವಲ್ಲ? ಯಾರ ಬಾಯಿಗೂ ಇಲ್ಲದ ಮಾತನ್ನು ತುರುಕುತ್ತಿಲ್ಲ. ಮುಖ ಎರಡು ಸೆಕೆಂಡು ಹೆಚ್ಚು ಕಾಣಿಸುತ್ತದೆ, ವ್ಯಕ್ತಿ ಸುಮ್ಮನಿರುತ್ತಾನೆ, ಹೆಚ್ಚೆಂದರೆ ಕಣ್ಣು ಮಿಟುಕಿಸುತ್ತಾನೆ. ಮೌನದಲ್ಲಿ ಎಂಥ ಸುಳ್ಳು?

ಈ ಉತ್ತರವನ್ನು ಬೇರೆ ಯಾರಾದರೂ ಒಪ್ಪಬಹುದು, ಆದರೆ ಹದೀಸ್ ಓದಿದ ಸಮುದಾಯ ಒಪ್ಪುವುದು ಕಷ್ಟ. ಸುನ್ನತ್ ಎಂದರೆ ಪ್ರವಾದಿವರ್ಯರ(ಸ) ಮಾತು ಮತ್ತು ಕೃತಿ ಮಾತ್ರವಲ್ಲ. ತಮ್ಮ ಮುಂದೆ ನಡೆದುದನ್ನು ಕಂಡು ಅವರು ತಡೆಯದೆ ಸುಮ್ಮನಿದ್ದುದೂ ಸುನ್ನತ್ತೇ. ಅದಕ್ಕೆ ತಕ್ರೀರ್ ಎಂದು ಹೆಸರು. ಹಝ್ರತ್ ಖಾಲಿದ್ ಬಿನ್ ವಲೀದ್(ರ) ಮರಳುಗಾಡಿನ ಹಲ್ಲಿ ಜಾತಿಯ ಪ್ರಾಣಿಯೊಂದರ ಮಾಂಸವನ್ನು ಪ್ರವಾದಿವರ್ಯರ(ಸ) ಸಮ್ಮುಖದಲ್ಲೇ ತಿಂದರು. ತಮ್ಮ ನಾಡಿನಲ್ಲಿ ಅದರ ರೂಢಿಯಿಲ್ಲವೆಂದು ಪ್ರವಾದಿವರ್ಯರು(ಸ) ತಾವು ಕೈ ಹಾಕಲಿಲ್ಲ. ಆದರೆ ಖಾಲಿದ್(ರ) ತಿನ್ನುತ್ತಿದ್ದಾಗ ನೋಡುತ್ತಿದ್ದರು, ತಡೆಯಲಿಲ್ಲ. ಆ ನೋಟವನ್ನೂ ತಡೆಯದಿರುವಿಕೆಯನ್ನೂ ವರದಿಗಾರರು ಜೋಪಾನವಾಗಿ ದಾಖಲಿಸಿದರು, ವಿದ್ವಾಂಸರು ಅದರಿಂದ ಒಂದು ವಿಧಿಯನ್ನು ಗ್ರಹಿಸಿದರು. ಸುಮ್ಮನೆ ನೋಡುತ್ತಿದ್ದ ಒಂದು ಗಳಿಗೆಗೆ ನಮ್ಮಲ್ಲಿ ಅಷ್ಟು ತೂಕವಿದೆ.

ಇದನ್ನು ಇಂದಿನ ಸನ್ನಿವೇಶಕ್ಕೆ ತಂದು ನೋಡಿರಿ. ಸಭೆಯೊಂದರಲ್ಲಿ ಯಾರೋ ಎದ್ದು ನಿಂತು ಒಂದು ಖಂಡನೀಯ ಮಾತನ್ನಾಡುತ್ತಾರೆ. ಕ್ಯಾಮರಾ ವೇದಿಕೆಯಲ್ಲಿರುವ ಹಿರಿಯ ವಿದ್ವಾಂಸರತ್ತ ತಿರುಗಿ ಒಂದೇ ಸೆಕೆಂಡಿನಲ್ಲಿ ನಿಂತುಹೋಗುತ್ತದೆ. ಮರುಕ್ಷಣವೇ ಅವರು ಕೈಯೆತ್ತಿ ಆಕ್ಷೇಪಿಸಿದರು, ಆದರೆ ಅದು ತುಣುಕಿನಲ್ಲಿ ಇಲ್ಲ. ಸಂಪಾದಕನಿಗೆ ಅದರ ಅರಿವೂ ಇಲ್ಲ. ಅವನು ತುದಿಯನ್ನು ಹಿಡಿದು ಎಳೆಯುತ್ತಾನೆ. ಈಗ ಆ ಹಿರಿಯರು ಮೂರು ಸೆಕೆಂಡು ಶಾಂತರಾಗಿ ಕುಳಿತಿದ್ದಾರೆ; ಯಂತ್ರದ ಊಹೆಯಂತೆ ತಲೆ ಸ್ವಲ್ಪ ಅಲುಗಿದೆ, ತುಟಿಯಂಚು ಸಡಿಲವಾಗಿದೆ. ಯಾರ ಬಾಯಿಗೂ ಒಂದಕ್ಷರವನ್ನೂ ತುರುಕಿಲ್ಲ. ಆದರೆ ಊರಿಡೀ ಏನು ಹೇಳುತ್ತದೆ? ಕೇಳಿಯೂ ಸುಮ್ಮನಿದ್ದರು, ನಸುನಕ್ಕರು.

ಇನ್ನೂ ಸೂಕ್ಷ್ಮವಾದ ಜಾಗವೊಂದಿದೆ. ನಿಕಾಹ್‌ಗೆ ಮುನ್ನ ಕನ್ಯೆಯ ಅನುಮತಿ ಕೇಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಅವಳು ನಾಚಿಕೊಳ್ಳುವಳಲ್ಲ ಎಂದು ಹಝ್ರತ್ ಆಇಶಾ(ರ) ಕೇಳಿದಾಗ, ಅವಳ ಮೌನವೇ ಅವಳ ಅನುಮತಿಯೆಂದು ಸ್ಪಷ್ಟಪಡಿಸಿದರು. ಈ ಮೌನವನ್ನು ಫಿಕ್‌ಹ್ ಪಂಡಿತರು ಎಷ್ಟು ಎಚ್ಚರದಿಂದ ತೂಗಿದ್ದಾರೆಂಬುದನ್ನು ನೋಡಬೇಕು. ಅವಳು ನಕ್ಕರೆ ಆ ನಗು ಸಂತೋಷದ್ದೋ ಅಪಹಾಸ್ಯದ್ದೋ? ಅತ್ತರೆ ಆ ಅಳು ಸದ್ದಿಲ್ಲದ ಕಣ್ಣೀರೋ, ಗಟ್ಟಿಯಾದ ರೋದನವೋ? ಅಪಹಾಸ್ಯದ ನಗುವನ್ನೂ ಗಟ್ಟಿಯಾದ ಅಳುವನ್ನೂ ಸಮ್ಮತಿಯೆಂದು ಪರಿಗಣಿಸಬಾರದೆಂದು ಹನಫೀ ಗ್ರಂಥಗಳಲ್ಲಿ ವಿವರಿಸಲಾಗಿದೆ. ಒಬ್ಬ ಹೆಣ್ಣುಮಗಳ ಮುಖದ ಮೇಲೆ ಎರಡು ಕ್ಷಣ ಮೂಡಿ ಮರೆಯಾಗುವ ಭಾವಕ್ಕೆ ಕಾನೂನಿನ ಬೆಲೆಯನ್ನು ಕಟ್ಟಿದವರು ನಾವು. ವೀಡಿಯೊದಿಂದ ನಿಕಾಹ್ ಸಿಂಧುವಾಗುವುದಿಲ್ಲ, ಅಸಿಂಧುವೂ ಆಗುವುದಿಲ್ಲ, ಅದು ಸರಿ. ಆದರೆ ಮುಂದೊಂದು ದಿನ ವಿವಾದ ಎದ್ದರೆ ಎರಡೂ ಮನೆಯವರು ಮೊದಲು ಹುಡುಕುವುದು ಆ ವೀಡಿಯೊವನ್ನೇ. ಅಂಥ ಜಾಗದಲ್ಲಿ, ಮದುಮಗಳೆಂದರೆ ನಗುತ್ತಿರಬೇಕು ಎಂದಷ್ಟೇ ಕಲಿತ ಯಂತ್ರವು ಮುಗುಳ್ನಗೆಯೊಂದನ್ನು ಬಿಡಿಸಿಟ್ಟರೆ, ಅದು ಅವಳ ಪರವಾಗಿ ಬೇರೊಬ್ಬರು ಉತ್ತರ ಕೊಟ್ಟಂತೆ. ಹಣ್ಣುಹಂಪಲಿನ ತಟ್ಟೆಯನ್ನೋ ಚಪ್ಪರದ ದೀಪಗಳನ್ನೋ ಬೇಕಾದಷ್ಟು ಉದ್ದ ಮಾಡಿಕೊಳ್ಳಲಿ.

ಉದ್ದೇಶ ಒಳ್ಳೆಯದಿದ್ದರೆ ಸಾಲದೇ ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಕರ್ಮಗಳು ಉದ್ದೇಶಕ್ಕನುಸಾರವೆಂದು ನಾವೇ ದಿನಾ ಹೇಳುತ್ತೇವೆ. ಆದರೆ ಇನ್ನೊಬ್ಬರ ಹೆಸರಿನಲ್ಲಿ ವರದಿ ಮಾಡುವಾಗ ಒಳ್ಳೆಯ ಉದ್ದೇಶದ ಜೊತೆ ಇನ್ನೊಂದು ಗುಣವೂ ಬೇಕೆಂಬುದಕ್ಕೆ ಸಹಾಬಿಗಳ ಜೀವನದಲ್ಲೇ ನಿದರ್ಶನವಿದೆ. ಮಲಗುವಾಗ ಹೇಳುವ ಪ್ರಾರ್ಥನೆಯೊಂದನ್ನು ಪ್ರವಾದಿವರ್ಯರು(ಸ) ಹಝ್ರತ್ ಬರಾ ಬಿನ್ ಆಝಿಬ್‌ರಿಗೆ(ರ) ಕಲಿಸಿದರು. ಅವರು ಅದನ್ನು ಒಪ್ಪಿಸುವಾಗ ‘ನಬಿ’ ಎಂದಿದ್ದ ಕಡೆ ‘ರಸೂಲ್’ ಎಂದುಬಿಟ್ಟರು. ಅರ್ಥ ಕೆಡಲಿಲ್ಲ, ಗೌರವವೂ ಕುಂದಲಿಲ್ಲ. ಆದರೂ ಪ್ರವಾದಿವರ್ಯರು(ಸ) ಅವರನ್ನು ತಡೆದು ಮೊದಲಿನ ಪದವನ್ನೇ ಹೇಳಿಸಿದರು.

ಹದೀಸ್ ಶಾಸ್ತ್ರದಲ್ಲಿ ‘ಮುದ್ರಜ್’ ಎಂಬ ವಿಭಾಗವೇ ಇದೆ. ವರದಿಗಾರನ ಸ್ವಂತ ಮಾತು ಹೇಗೋ ಪ್ರವಾದಿ ವಚನದೊಳಗೆ ಸೇರಿಹೋಗಿರುವ ವರದಿಗಳು ಅವು. ಪ್ರಸಿದ್ಧ ಉದಾಹರಣೆಯೊಂದಿದೆ. ವುಝೂವನ್ನು ಪೂರ್ಣವಾಗಿ ಮಾಡುವಂತೆ ಜನರಿಗೆ ಹೇಳಿದವರು ಹಝ್ರತ್ ಅಬೂ ಹುರೈರಾ(ರ). ಅದಕ್ಕೆ ಆಧಾರವಾಗಿ ಅವರು ಹಿಮ್ಮಡಿ ಒಣಗಿ ಉಳಿದವರ ಬಗ್ಗೆ ಪ್ರವಾದಿವರ್ಯರು(ಸ) ನೀಡಿದ ಎಚ್ಚರಿಕೆಯನ್ನು ಉದ್ಧರಿಸಿದರು. ಮುಂದಿನ ಕೆಲವು ವರದಿಗಾರರು ಎರಡನ್ನೂ ಒಂದೇ ಉಸಿರಿನಲ್ಲಿ ಪ್ರವಾದಿ ವಚನವಾಗಿ ಹೇಳಿಬಿಟ್ಟರು. ಆ ಮಾತಿನಲ್ಲಿ ತಪ್ಪೇನಿದೆ? ಏನೂ ಇಲ್ಲ. ಆದರೂ ವಿದ್ವಾಂಸರು ಬಿಡಲಿಲ್ಲ. ಕ್ರಿ.ಶ. 1071ರಲ್ಲಿ ನಿಧನರಾದ ಖತೀಬ್ ಅಲ್‌ಬಗ್ದಾದಿಯವರು ಇಂಥ ಬೆಸುಗೆಗಳನ್ನು ಬಿಡಿಸಿ ತೋರಿಸುವುದಕ್ಕೆಂದೇ ಒಂದು ಗ್ರಂಥವನ್ನು ರಚಿಸಿದರು. ಸೇರಿಸಿದವರನ್ನು ಸುಳ್ಳುಗಾರರೆಂದು ಜರೆಯಲಿಲ್ಲ, ಸೇರಿದ ಮಾತನ್ನು ಎಸೆಯಲೂ ಇಲ್ಲ. ಇದು ಪ್ರವಾದಿಯದು(ಸ), ಇದು ವರದಿಗಾರನದು ಎಂದು ನಡುವೆ ಒಂದು ಗೆರೆ ಎಳೆದರು. ಆ ಗೆರೆಯ ಮೇಲೆ ನಮ್ಮ ಇಡೀ ಪರಂಪರೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ಸಂಪಾದನೆಯೆಂದರೆ ಹೇಗೂ ಕತ್ತರಿಸಿ ಜೋಡಿಸುವುದೇ ತಾನೇ, ಎಐ ಮೇಲೆ ಮಾತ್ರ ಯಾಕೆ ಕೋಪ ಎಂದು ಈ ವೃತ್ತಿಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುಳ್ಳು ಹೇಳಲು ಎಐ ಬೇಕೆಂದೇನೂ ಇಲ್ಲ. ನಮಾಝಿನ ಸಮೀಪ ಹೋಗಬಾರದೆಂಬಷ್ಟನ್ನೇ ಓದಿ ಅಮಲಿನ ಸ್ಥಿತಿಯ ಮಾತನ್ನು ನುಂಗಿದವನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅದು ಕತ್ತರಿಯ ಸುಳ್ಳು. ಬರೇ ಉದ್ದ ಮಾಡುವುದರಿಂದಲೂ ಸುಳ್ಳಾಗುತ್ತದೆ. 2019ರ ಮೇ ತಿಂಗಳಲ್ಲಿ ಅಂದಿನ ಅಮೆರಿಕನ್ ಪ್ರತಿನಿಧಿ ಸಭೆಯ ಸ್ಪೀಕರ್ ನ್ಯಾನ್ಸಿ ಪೆಲೋಸಿಯವರ ಭಾಷಣವೊಂದರ ವೇಗವನ್ನು ಸುಮಾರು ಶೇಕಡಾ 75ಕ್ಕೆ ಇಳಿಸಿ ಯಾರೋ ಹರಿಯಬಿಟ್ಟರು. ಹೊಸದಾಗಿ ಏನನ್ನೂ ಸೃಷ್ಟಿಸಿರಲಿಲ್ಲ, ಅವರದೇ ಮುಖ, ಅವರದೇ ಪದಗಳು. ಕಾಲವನ್ನು ಹಿಗ್ಗಿಸಿದ ಮಾತ್ರಕ್ಕೆ ನಾಲಗೆ ತೊದಲಿದಂತೆ ಕೇಳಿಸಿತು. ಕುಡಿದು ಮಾತಾಡಿದ್ದಾರೆಂದು ಲಕ್ಷಾಂತರ ಜನರ ಮುಂದೆ ಅವರ ಮಾನ ಹರಾಜಾಯಿತು. ಆದ್ದರಿಂದ ಹಳೆಯ ಉಪಾಯಗಳೆಲ್ಲ ನಿರ್ದೋಷಿಗಳು, ಹೊಸದು ಮಾತ್ರ ಅಪರಾಧಿ ಎಂದು ಹೇಳುವುದು ಸರಿಯಲ್ಲ.

ಆದರೂ ಒಂದು ವ್ಯತ್ಯಾಸವಿದೆ. ಕೊನೆಯ ಚಿತ್ರವನ್ನು ನಿಲ್ಲಿಸಿಬಿಟ್ಟರೆ ಅದು ನಿಂತಿದೆಯೆಂದು ಮಗುವಿಗೂ ತಿಳಿಯುತ್ತದೆ. ತುಣುಕನ್ನು ಮತ್ತೆ ಓಡಿಸಿದರೆ ಮತ್ತೆ ಓಡಿಸಿದ್ದಾರೆಂದು ಗೊತ್ತಾಗುತ್ತದೆ. ಹೊಲಿಗೆ ಹೊರಗೆ ಕಾಣುತ್ತದೆ. ಹೊಸ ಉಪಕರಣದ ಹೆಗ್ಗಳಿಕೆಯೇ ಹೊಲಿಗೆ ಕಾಣದಿರುವುದು. ಅದಕ್ಕಾಗಿಯೇ ಅದನ್ನು ಕೊಳ್ಳುತ್ತೇವೆ.

ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳುಗಳು ಒದ್ದೆಯಾದ ಘಟನೆ ನಿಮಗೆ ನೆನಪಿರಬಹುದು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ. ಒದ್ದೆ ಧಾನ್ಯವನ್ನು ಮಾರಲೇಬಾರದೆಂದು ಅವರು ಅವನಿಗೆ ಹೇಳಲಿಲ್ಲ. ಜನರಿಗೆ ಕಾಣುವಂತೆ ಅದನ್ನು ಮೇಲ್ಗಡೆ ಯಾಕೆ ಇಡಲಿಲ್ಲವೆಂದು ಕೇಳಿದರು. ಎಐ ಕೂಡಿಸಿದ ಭಾಗಕ್ಕೆ ಸಂಬಂಧಿಸಿ ನನಗೆ ಇದಕ್ಕಿಂತ ನೇರವಾದ ಮಾರ್ಗದರ್ಶನ ಬೇರೆ ಕಾಣುವುದಿಲ್ಲ. ಅಡೋಬಿಯವರು ಈ ರೀತಿ ಬೆಳೆಸಿದ ಭಾಗಕ್ಕೆ ‘ಕಂಟೆಂಟ್ ಕ್ರೆಡೆನ್ಶಿಯಲ್ಸ್’ ಎಂಬ ಗುರುತನ್ನು ಕಡತದೊಳಗೆ ಲಗತ್ತಿಸುವ ಏರ್ಪಾಡು ಮಾಡಿದ್ದಾರೆ. ಯಾರಿಂದ ಯಾರಿಗೆ ಬಂತೆಂದು ಹೇಳುವ ಇಸ್ನಾದ್‌ನ ದೂರದ ಸಂಬಂಧಿ ಎನ್ನಬಹುದು. ಆದರೆ ಕಡತದೊಳಗಿನ ಗುರುತು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುವಾಗ ಸಾಮಾನ್ಯವಾಗಿ ಉದುರಿಹೋಗುತ್ತದೆ. ಅದನ್ನು ತೆರೆದು ನೋಡುವ ಅಭ್ಯಾಸವೂ ನಮ್ಮ ಜನರಿಗಿಲ್ಲ. ರಾಶಿಯ ಮೇಲ್ಗಡೆ ಇಡುವುದೆಂದರೆ ಪರದೆಯ ಮೂಲೆಯಲ್ಲಿ ಕಾಣುವಂತೆ ಬರೆಯುವುದು, ಇಲ್ಲವೇ ವೀಡಿಯೊ ಒಪ್ಪಿಸುವಾಗ ಎಲ್ಲೆಲ್ಲಿ ಕೂಡಿಸಲಾಗಿದೆಯೆಂದು ಬಾಯಲ್ಲಾದರೂ ಹೇಳುವುದು.

ತೀರಿಕೊಂಡವರ ವಿಷಯ ಬೇರೆಯೇ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ತಂದೆಯೆಂದರೆ ಗಲ್ಫ್‌ನಿಂದ ಎರಡು ವರ್ಷಕ್ಕೊಮ್ಮೆ ಬಂದು ಹೋದವರು. ಅವರು ಹೋದ ಮೇಲೆ ಮಕ್ಕಳ ಕೈಯಲ್ಲಿ ಉಳಿಯುವುದು ಕೆಲವು ಸೆಕೆಂಡುಗಳ ತುಣುಕುಗಳು: ವಿಮಾನ ನಿಲ್ದಾಣದ ಬಾಗಿಲಲ್ಲಿ ತಿರುಗಿ ನೋಡಿದ್ದು, ಈದ್ ದಿನ ಕೈ ಬೀಸಿದ್ದು. ಅದನ್ನು ಇನ್ನೊಂದಿಷ್ಟು ಉದ್ದ ಮಾಡಿಕೊಡಿ ಎಂದು ಕೇಳುವ ಮಗಳ ಆಸೆಯನ್ನು ಹಗುರವಾಗಿ ಕಾಣುವವನ ಹೃದಯ ಕಲ್ಲು. ಆದರೂ ನನ್ನ ಅಭಿಪ್ರಾಯದಲ್ಲಿ ಅಲ್ಲಿ ಕೈ ಹಿಂದೆಗೆಯಬೇಕು. ಆ ಎರಡು ಸೆಕೆಂಡುಗಳಲ್ಲಿ ನಗುವವರು ಅವಳ ತಂದೆಯಲ್ಲ. ನೂರು ಸಲ ನೋಡಿದ ಮೇಲೆ ಯಾವುದು ಅವರ ನಗು, ಯಾವುದು ಯಂತ್ರದ್ದು ಎಂಬುದನ್ನು ಅವಳ ನೆನಪೇ ಮರೆತುಬಿಡುತ್ತದೆ. ಅಂದರೆ ಅವಳಿಗೆ ಎರಡು ಸೆಕೆಂಡು ಕೊಟ್ಟು ಇದ್ದ ನಾಲ್ಕನ್ನೂ ಕಲಬೆರಕೆ ಮಾಡಿದಂತಾಯಿತು. ತಾನು ಹೀಗೆ ಮಾಡಿಲ್ಲವೆಂದು ಎದ್ದು ಬಂದು ಹೇಳಲು ತೀರಿಕೊಂಡವರಿಂದ ಆಗದು. 2018ರಲ್ಲಿ ಮೃತಪಟ್ಟ ಅಮೆರಿಕದ ಪ್ರಸಿದ್ಧ ಬಾಣಸಿಗ ಆಂಟನಿ ಬೋರ್ಡೇನ್ ಅವರ ಕುರಿತು 2021ರಲ್ಲಿ ‘ರೋಡ್‌ರನ್ನರ್’ ಎಂಬ ಸಾಕ್ಷ್ಯಚಿತ್ರ ಬಂದಾಗ ಇಂಥದೇ ವಿವಾದ ಎದ್ದಿತ್ತು. ಅವರೇ ಬರೆದಿದ್ದ ಕೆಲವು ಸಾಲುಗಳನ್ನು ನಿರ್ದೇಶಕರು ಎಐ ಸೃಷ್ಟಿಸಿದ ಅವರ ಧ್ವನಿಯಲ್ಲಿ ಓದಿಸಿದ್ದರು. ಬರಹ ಅಸಲಿ, ಧ್ವನಿ ಮಾತ್ರ ಅಲ್ಲ. ಪ್ರೇಕ್ಷಕರಿಗೆ ಚಿತ್ರದಲ್ಲಿ ಅದನ್ನು ತಿಳಿಸಿರಲಿಲ್ಲ. ಆಮೇಲೆ ಸಂದರ್ಶನದಿಂದ ತಿಳಿದಾಗ ಅವರನ್ನು ಪ್ರೀತಿಸುತ್ತಿದ್ದ ಅನೇಕರಿಗೆ ನೋವಾಯಿತು.

ನಮ್ಮ ಹುಡುಗರಲ್ಲಿ ಅನೇಕರು ಈ ವೃತ್ತಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದಾರೆ. ಗಿರಾಕಿ ಬಂದು ‘ಕೂಡಿಸಿದ್ದು ಯಾರಿಗೂ ಗೊತ್ತಾಗಬಾರದು’ ಎಂದರೆ ಅವರೇನು ಮಾಡಬೇಕು? ಚಪ್ಪರದ ದೀಪಕ್ಕೆ ಹಾಗೆಂದರೆ ನಕ್ಕು ಒಪ್ಪಿಕೊಳ್ಳಬಹುದು. ಮನುಷ್ಯರ ಮುಖಕ್ಕೆ ಹಾಗೆಂದರೆ, ನಿಂತ ಚಿತ್ರವನ್ನೋ ಮರದ ದೃಶ್ಯವನ್ನೋ ಹಾಕಿ ಕೊಡುತ್ತೇನೆಂದು ಹೇಳುವಷ್ಟು ಧೈರ್ಯ ಇರಬೇಕಾಗುತ್ತದೆ. ಕೆಲವು ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗಿಯೂಬಿಡುತ್ತಾರೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಷ್ಟರ ಬಹುಪಾಲು ತೊಂದರೆಯನ್ನು ಮಾತ್ರ ಚಿತ್ರೀಕರಣದ ಹೊತ್ತಿಗೇ ತಪ್ಪಿಸಬಹುದು. ನುರಿತ ಕ್ಯಾಮರಾದವರು ದೃಶ್ಯಕ್ಕೆ ಐದು ಸೆಕೆಂಡು ಮೊದಲೇ ಗುಂಡಿ ಒತ್ತುತ್ತಾರೆ, ಮುಗಿದ ಮೇಲೂ ಐದು ಸೆಕೆಂಡು ಬಿಡುತ್ತಾರೆ. ಹೊರಡುವ ಮುನ್ನ ಯಾರೂ ಮಾತಾಡದ ಕೋಣೆಯ ಸದ್ದನ್ನೂ ಅರ್ಧ ನಿಮಿಷ ಸೆರೆಹಿಡಿದುಕೊಳ್ಳುತ್ತಾರೆ. ಮನೆಯಲ್ಲಿ ಫೋನು ಹಿಡಿದು ವೀಡಿಯೊ ಮಾಡುವವರಿಗೂ ಇದು ಕಷ್ಟವೇನಲ್ಲ. ರಜೆಯಲ್ಲಿ ಬಂದ ತಂದೆ ಮಗುವನ್ನೆತ್ತಿಕೊಂಡು ಅಂಗಳದಲ್ಲಿ ನಿಂತಿರುವಾಗ ಕೈಯನ್ನು ಇನ್ನೊಂದಿಷ್ಟು ಹೊತ್ತು ಕೆಳಗಿಳಿಸದಿದ್ದರಾಯಿತು.